ಫ್ರಿಜ್‌ನಲ್ಲಿಟ್ಟ ನಾಯಿ ರಕ್ತ, ಪ್ಲಾಸ್ಮಾ ಕೆಂಪಾಗಿದೆ. ಅರ್ಜೆಂಟ್

ಮೂಡಿಗೆರೆ_ವೆಟ್:
ಕೊಟ್ಟಿಗೆಹಾರದಿಂದ ಲ್ಯಾಬ್ರಡಾರ್ ತಂದಿದ್ದಾರೆ. ಟಿಕ್ ಫೀವರ್, ಪಿಸಿವಿ (ರಕ್ತದಲ್ಲಿ ಕೆಂಪು ಕಣದ ಪಾಲು) ಬರೀ 11%. ಇದ್ದ ರಕ್ತದ ಬ್ಯಾಗ್ ತೆಗೆದರೆ ಮೇಲೆ ನಿಂತ ಪ್ಲಾಸ್ಮಾ, ಹಳದಿ ಇರಬೇಕಾದ ದ್ರವ, ಕೆಂಪು! ಡೇಟ್ ಮುಗಿದಿಲ್ಲ. ಕೊಡಲಾ, ಬೇಡವಾ? ಬೇಗ ಹೇಳಿ.

ಕಾಫಿನಾಡು_ಪೆಟ್ಸ್:
ಕೊಡಬೇಡಿ ಸರ್. ಪೊಟ್ಯಾಸಿಯಂ ಏರಿರುತ್ತೆ, ಹೃದಯ ನಿಂತೀತು.

ಹಾಸನ_ಲ್ಯಾಬ್:
ಪೊಟ್ಯಾಸಿಯಂ ಭಯ ಮನುಷ್ಯರ ರಕ್ತದ್ದು. ನಾಯಿಯ ಕೆಂಪು ಕಣದಲ್ಲಿ ಪೊಟ್ಯಾಸಿಯಂ ಕಡಿಮೆಯೇ ಇರೋದು, ಅಕಿಟಾ, ಶಿಬಾ ಥರದ ಕೆಲವು ತಳಿ ಬಿಟ್ಟು. ಡಾಕ್ಟ್ರೇ, ಎಷ್ಟು ದಿನದ ಬ್ಯಾಗ್? ರಕ್ತ ಗಡ್ಡೆ ಕಟ್ಟದ ಹಾಗೆ ಯಾವ ಆ್ಯಂಟಿಕೋಗ್ಯುಲಂಟ್ ಹಾಕಿದ್ದು?

ಕಾಫಿನಾಡು_ಪೆಟ್ಸ್:
ಆದರೂ ಒಮ್ಮೆ ಪೊಟ್ಯಾಸಿಯಂ ನೋಡೋದು ಒಳ್ಳೇದು. ಡೋನರ್ ಯಾವ ತಳಿ?

ಮೂಡಿಗೆರೆ_ವೆಟ್:
ಡೋನರ್ ನಮ್ಮ ಮುಧೋಳ. ಸಿಪಿಡಿಎ-1, 12 ದಿನ.

ಬೇಲೂರು_ಕೆನಲ್:
ಮುಧೋಳ ಆದರೆ ರಕ್ತ ಗಟ್ಟಿ ಸರ್! ನಮ್ಮಲ್ಲಿ ಎರಡಿವೆ. ಫ್ರಿಜ್‌ಗೇ ಬೇರೆ ಇನ್ವರ್ಟರ್, ಡಿಜಿಟಲ್ ಥರ್ಮಾಮೀಟರ್, ಅಲಾರಂ ಹಾಕಿಸಿದೀನಿ. ಫೋಟೋ ಹಾಕ್ತೀನಿ.

ಹಾಸನ_ಲ್ಯಾಬ್:
ಫೋಟೋ ಆಮೇಲೆ. 12 ದಿನಕ್ಕೆ ಇಷ್ಟು ಕೆಂಪಾಗಬಾರದು. ದಿನ ಕಳೆದ ಹಾಗೆ ಕಣಗಳು ಗ್ಲುಕೋಸ್ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಪಿಎಚ್ ಇಳಿಯುತ್ತೆ, ಎಟಿಪಿ (ಕಣದ ಶಕ್ತಿ), ಡಿಪಿಜಿ (ಆಮ್ಲಜನಕ ಬಿಟ್ಟುಕೊಡೋಕೆ ಬೇಕಾದ್ದು) ಕಡಿಮೆಯಾಗುತ್ತೆ, ಅಮೋನಿಯಾ ಏರುತ್ತೆ. ಲಿವರ್ ಕೆಟ್ಟ ನಾಯಿಗೆ ಆ ಅಮೋನಿಯಾನೇ ಕಷ್ಟ. ಇದೆಲ್ಲ ನಿಧಾನಕ್ಕೆ ಆಗೋದು. ನಿಮ್ಮದು ಕಣ ಒಡೆದು ಕೆಂಪು ಹೊರಬಂದಿದ್ದು. ಫ್ರಿಜ್‌ನಲ್ಲಿ ಬ್ಯಾಗ್ ಎಲ್ಲಿತ್ತು?

ಮೂಡಿಗೆರೆ_ವೆಟ್:
ಸಿಂಗಲ್ ಡೋರ್. ಫ್ರೀಜರ್ ಕೆಳಗೇ, ಹಿಂದಿನ ಗೋಡೆಗೆ ಒರಗಿಸಿ. ಅಲ್ಲಿ ಐಸ್ ಕಟ್ಟುತ್ತೆ. ಇದನ್ನ ಮೊದಲೇ ಹೇಳಬೇಕಿತ್ತು.

ಹಾಸನ_ಲ್ಯಾಬ್:
ಅದೇ ಆಗಿರಬೇಕು! ರಕ್ತ ಐಸ್ ಆದರೆ ಕಣ ಒಡೆಯುತ್ತೆ. 1ರಿಂದ 6 ಡಿಗ್ರಿ ಮಧ್ಯೆ ಇರಬೇಕು, ಗೋಡೆಗೆ ತಾಗಕೂಡದು. ಆ ಬ್ಯಾಗ್ ಬಿಸಾಡಿ, ನಾಯಿಗೆ ಕೊಡಬೇಡಿ. ಸಾಧ್ಯವಾದರೆ ತಾಜಾ ರಕ್ತ ತೆಗೆದು, ಕ್ರಾಸ್‌ಮ್ಯಾಚ್ ಮಾಡಿ (ಎರಡೂ ನಾಯಿಯ ರಕ್ತ ಹೊಂದುತ್ತಾ ನೋಡಿ) ಕೊಡಿ. ಜೊತೆಗೆ ನಾರ್ಮಲ್ ಸಲೈನ್ ಮಾತ್ರ, ರಿಂಗರ್ ಲ್ಯಾಕ್ಟೇಟ್ ಅಲ್ಲ. ಅದರ ಕ್ಯಾಲ್ಸಿಯಂ ಲೈನಲ್ಲೇ ರಕ್ತ ಗಡ್ಡೆ ಕಟ್ಟಿಸುತ್ತೆ.

ಕಾಫಿನಾಡು_ಪೆಟ್ಸ್:
ಬಿಸಿನೀರಲ್ಲಿ ಕಾಯಿಸಿದ್ರಾ? ಅದರಿಂದಲೂ ಒಡೆಯುತ್ತೆ.

ಮೂಡಿಗೆರೆ_ವೆಟ್:
ಇಲ್ಲ, ಹೊರಗೆ ತೆಗೆದು ನೋಡಿದ್ದಷ್ಟೇ. ಬಿಸಾಡಿದೆ. ಪಕ್ಕದ ಎಸ್ಟೇಟ್‌ನ ಜರ್ಮನ್ ಶೆಫರ್ಡ್ 30 ಕೆಜಿ ಇದೆ, ತರ್ತಿದಾರೆ. ಅದೇ ಗೋಡೆಯ ಹತ್ತಿರ ಇನ್ನೊಂದು ಬ್ಯಾಗ್ ಇತ್ತು, ಅದರ ಪ್ಲಾಸ್ಮಾ ಹಳದಿ. ಅದನ್ನ ಇಟ್ಕೊಳ್ಳಬಹುದಾ?

ಬೇಲೂರು_ಕೆನಲ್:
ಫೋಟೋ ಹಾಕಿದೀನಿ, ನೋಡಿ ಸರ್. ಅಲಾರಂ ನಾನೇ ಜೋಡಿಸಿದ್ದು.

ಮೂಡಿಗೆರೆ_ವೆಟ್:
ಹಾಸನದವರೇ, ಆ ಎರಡನೇ ಬ್ಯಾಗ್?