ನಿದ್ದೆಗೆ 84 ಅಂಕ

"ನಿನ್ನೆ ರಾತ್ರಿ 84!" ಕಲ್ಲುಬೆಂಚಿನ ಮೇಲೆ ಕೂರುವ ಮೊದಲೇ ರಾಯರು ಮಣಿಕಟ್ಟು ಚಾಚಿದರು.

"ಬಿಪಿಯೇ?" ಎಂದ ಸೀನ.

"ನಿದ್ದೆಯಯ್ಯ. ನೂರಕ್ಕೆ ಎಂಬತ್ತನಾಲ್ಕು. ಗಡಿಯಾರವೇ ಹೇಳಿದೆ."

"ಎಸ್ಸೆಸ್ಸೆಲ್ಸಿ ಗಣಿತಕ್ಕೆ 35 ತೆಗೆದವರು ಮಲಗಿಕೊಂಡೇ ಡಿಸ್ಟಿಂಕ್ಷನ್ ಹೊಡೆದಿದ್ದೀರಿ. ನಾನು ತರಗತಿಯಲ್ಲಿ ಮಲಗಿದ್ದಕ್ಕೇ ನಪಾಸಾದವನು," ಎಂದೆ. "ಅದಿರಲಿ, ಬಿಪಿ ಎಷ್ಟು?"

ರಾಯರ ಮುಖ ಸಪ್ಪಗಾಯಿತು. "ಬೆಳಿಗ್ಗೆ 160. ಮಾತ್ರೆ ಎರಡಿದ್ದದ್ದು ಮೂರಾಯಿತು. ಉಪ್ಪಿನಕಾಯಿ ಬಿಟ್ಟೆ, ಹಪ್ಪಳ ಬಿಟ್ಟೆ."

"ಗೊರಕೆ?"

"ಅದು ಗಾಢನಿದ್ದೆಯ ಗುರುತು!"

"ಗೊರಕೆಗಿಂತ ಅದು ನಡುವೆ ಗಪ್ಪನೆ ನಿಲ್ಲುವುದು ಅಪಾಯ. ಗಂಟಲು ಮುಚ್ಚಿಕೊಂಡು ಹತ್ತು ಸೆಕೆಂಡು ಉಸಿರು ಕಟ್ಟಿತೆನ್ನಿ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕತ್ತಿನ ರಕ್ತನಾಳದ ಬಳಿ ಕುಳಿತ ಕಾವಲುಗಾರ 'ಹುಲಿ ಬಂತು' ಎಂದು ಕೂಗುತ್ತಾನೆ. ಅಡ್ರಿನಲಿನ್ ಎಂಬ ಗಾಬರಿಯ ಹಾರ್ಮೋನಿನ ಬಳಗವೆಲ್ಲ ಎದ್ದು ಓಡುತ್ತದೆ, ನಾಳಗಳು ಬಿಗಿಯುತ್ತವೆ, ಬಿಪಿ ಜಿಗಿಯುತ್ತದೆ. ರಾತ್ರಿ ಶೇಕಡಾ 10ರಿಂದ 20ರಷ್ಟು ಇಳಿಯಬೇಕಾದದ್ದು ಇಳಿಯುವುದೇ ಇಲ್ಲ. ಹಗಲಿನಲ್ಲೂ ಆ ಬಿಗಿ ಪೂರ್ತಿ ಸಡಿಲವಾಗುವುದಿಲ್ಲ."

"ರಾತ್ರಿಗೆ ಒಂದೇ ಹುಲಿಯೇ?"

"ಪೂರ್ತಿಯೋ ಅರೆಬರೆಯೋ, ಉಸಿರು ಕಟ್ಟುವುದು ಗಂಟೆಗೆ 30 ಸಲ ಮುಟ್ಟಿದರೆ ತೀವ್ರ ಸ್ಲೀಪ್ ಆಪ್ನಿಯ ಎನ್ನುತ್ತಾರೆ. ಏಳು ಗಂಟೆ ಮಲಗಿದರೆ ಇನ್ನೂರು ಹುಲಿ ದಾಟುತ್ತದೆ."

"ಬಂಡೀಪುರದಲ್ಲೂ ಒಂದೇ ರಾತ್ರಿ ಅಷ್ಟು ಕಾಣಿಸುವುದಿಲ್ಲ!" ಎಂದ ಸೀನ. "ಆಸ್ಪತ್ರೆಯಲ್ಲಿ ಮೈತುಂಬ ತಂತಿ ಅಂಟಿಸಿ ಮಲಗಿಸಿ ಪರೀಕ್ಷೆ ಮಾಡುತ್ತಾರಂತೆ. ಅಷ್ಟು ತಂತಿಯಲ್ಲಿ ಯಾವ ಪುಣ್ಯಾತ್ಮನಿಗೆ ನಿದ್ದೆ ಬಂದೀತು?"

"ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ರಾಯರಿಗೆ ಬರುತ್ತದೆ. ಮದ್ದೂ ಇದೆ. ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಮೂಗಿನ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಉಪಾಯ ಕಂಡುಹಿಡಿದರು. ಈಗ ಅದರ ಯಂತ್ರ ಅಂಗಡಿಯಲ್ಲೇ ಸಿಗುತ್ತದೆ."

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇವಳಿದ್ದಾಗ ಗೊರಕೆ ನಿಂತ ಕೂಡಲೇ ಮೊಣಕೈಯಿಂದ ಪಕ್ಕೆಗೆ ತಿವಿಯುತ್ತಿದ್ದಳು. ಗೊರೆದರೆ ತಿವಿಯುತ್ತಿರಲಿಲ್ಲ, ನಿಂತರೆ ಮಾತ್ರ. ನಿದ್ದೆ ಕೆಡಿಸುತ್ತೀಯೆಂದು ಬೈಯುತ್ತಿದ್ದೆ."

"ಅವರು ಎಷ್ಟು ಅಂಕ ಕೊಡುತ್ತಿದ್ದರು?" ಎಂದು ಕೇಳಿಬಿಟ್ಟ ಸೀನ.

"ನಪಾಸು. ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆಯಲ್ಲೇ ಫಲಿತಾಂಶ."

ಅಷ್ಟರಲ್ಲಿ ಗಡಿಯಾರ ಗುರುಗುಟ್ಟಿತು. ರಾಯರು ಕನ್ನಡಕ ಏರಿಸಿ ಓದಿದರು: "ಒಂದು ನಿಮಿಷ ನಿಮ್ಮ ಉಸಿರಾಟದ ಕಡೆ ಗಮನ ಕೊಡಿ."

"ಈಗ ಹೇಳುತ್ತದೆ ನೋಡು," ಎಂದರು, "ಹಾಡುಹಗಲಲ್ಲಿ."