ಜೂಜು, ಮಾದಕ ವಸ್ತು ಕಾನೂನುಬದ್ಧವಾದರೆ ಸಂಘಟಿತ ಅಪರಾಧ ಬಡವಾಗುತ್ತದೆಯೇ?

ಕಲಂಪ್ರಿಯ (ಪ್ರಶ್ನೆ):
ಜೂಜು, ಮಾದಕ ವಸ್ತು, ಲೈಂಗಿಕ ವೃತ್ತಿ, ನಿಷೇಧವಿರುವ ಕಡೆ ಮದ್ಯ. ಮಾರುವವರೂ ಕೊಳ್ಳುವವರೂ ಒಪ್ಪಿಯೇ ನಡೆಸುವ ವ್ಯವಹಾರಗಳಿವು. ಠಾಣೆಗೆ ಹೋಗಿ ದೂರು ಕೊಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಇವನ್ನೆಲ್ಲ ಕಾನೂನುಬದ್ಧ ಮಾಡಿಬಿಟ್ಟರೆ ಮಾಫಿಯಾ ತಾನಾಗಿ ಒಣಗಿಹೋಗುತ್ತದೆ ಅನ್ನುವವರು ಅಮೆರಿಕದ ಪಾನನಿಷೇಧವನ್ನೇ (1920–33) ಮುಂದಿಡುತ್ತಾರೆ. ಆದರೆ ನಿಷೇಧ ತೆರವಾದ ಮೇಲೂ ಆ ಗ್ಯಾಂಗುಗಳು ದಶಕಗಟ್ಟಲೆ ಬದುಕಿದವಲ್ಲ? ಸರಿ–ತಪ್ಪಿನ ಚರ್ಚೆ ಬೇಡ. ದುಡ್ಡು ಹೇಗೆ ಓಡಾಡುತ್ತದೆ, ಕಾನೂನು ಬದಲಾದಾಗ ಯಾವ ಕೊಂಡಿ ಕಳಚುತ್ತದೆ, ಯಾವುದು ಕಳಚುವುದಿಲ್ಲ ಎಂಬುದನ್ನು ಬಲ್ಲವರು ಬಿಡಿಸಿ ಹೇಳಿ.

ಖಾತೆಕಿರ್ದಿ:
ಜೂಜಿನಿಂದಲೇ ಶುರು ಮಾಡೋಣ, ಲೆಕ್ಕ ಸುಲಭ. ಅಮೆರಿಕದ ನಗರಗಳ ಅಕ್ರಮ ನಂಬರ್ ಆಟದಲ್ಲಿ ಮೂರಂಕಿಯ ಸಂಖ್ಯೆಯೊಂದಕ್ಕೆ ಹಣ ಕಟ್ಟಬೇಕು. 000ದಿಂದ 999ರವರೆಗೆ ಸಾವಿರ ಸಾಧ್ಯತೆ. ಗೆದ್ದವನಿಗೆ ಸಾಮಾನ್ಯವಾಗಿ ಒಂದಕ್ಕೆ 600. ಅಂದರೆ ಸರಾಸರಿಯಲ್ಲಿ ಶೇ 40ರಷ್ಟು ಬ್ಯಾಂಕರ್ (ಹಣ ಹಾಕಿ ಆಟ ನಡೆಸುವವನು) ಕೈಯಲ್ಲಿ ಉಳಿಯಬೇಕು. ಚೀಟಿ ಬರೆಯುವವನ ಕಮಿಷನ್ನೂ ಪೊಲೀಸರ ಮಾಮೂಲಿಯೂ ಅದರೊಳಗೇ.

ಆದರೆ ಸರಾಸರಿ ಕೂಡಿಬರುವ ತನಕ ಬ್ಯಾಂಕರ್ ಉಳಿದಿರಬೇಕಲ್ಲ. ಜನ ಎಲ್ಲ ಸಂಖ್ಯೆಗಳಿಗೂ ಒಂದೇ ಸಮ ಕಟ್ಟುವುದಿಲ್ಲ. ಅದೃಷ್ಟದ ಸಂಖ್ಯೆಗಳಿಗೆ ಮುಗಿಬೀಳುತ್ತಾರೆ. ದಿನಕ್ಕೆ 10,000 ಡಾಲರ್ ಸಂಗ್ರಹವಿರುವವನ ಹತ್ತಿರ ಒಂದೇ ಸಂಖ್ಯೆಗೆ 50 ಡಾಲರ್ ಬಿದ್ದಿದೆ ಅಂದುಕೊಳ್ಳಿ. ಅದೇ ಬಂದರೆ ಕೊಡಬೇಕಾದ್ದು 30,000. ಕೈಬಿಟ್ಟು ಹೋಗುವುದು 20,000, ಅಂದರೆ ಐದು ದಿನದ ಒಟ್ಟು ಲಾಭ. ಅದಕ್ಕೇ ಅಂಥ ಸಂಖ್ಯೆಗಳಿಗೆ ದರ ಇಳಿಸುತ್ತಿದ್ದರು, ಇಲ್ಲವೇ ಆ ಹೊರೆಯ ಒಂದು ಪಾಲನ್ನು ತಮಗಿಂತ ದೊಡ್ಡ ಬ್ಯಾಂಕರ್ ಬಳಿ ಕಟ್ಟುತ್ತಿದ್ದರು. ಇದಕ್ಕೆ ಲೇ–ಆಫ್ ಅನ್ನುತ್ತಾರೆ. ವಿಮಾ ಕಂಪನಿಯ ಬಾಗಿಲು ಮುಚ್ಚಿರುವ ಈ ವ್ಯಾಪಾರದಲ್ಲಿ ದೊಡ್ಡ ಬಂಡವಾಳ ಇರುವವನೇ ಯಜಮಾನನಾಗುವುದು ಹೀಗೆ.

ಸರ್ಕಾರ ಕಣಕ್ಕಿಳಿದಾಗ ಏನಾಯಿತು? 1975ರಲ್ಲಿ ನ್ಯೂಜೆರ್ಸಿ ಇದೇ ಮೂರಂಕಿ ಆಟವನ್ನು ಲಾಟರಿಯಾಗಿ ತಂದಿತು. ಆದರೆ ಸರ್ಕಾರಿ ಮೂರಂಕಿ ಆಟಗಳು ಸಾಮಾನ್ಯವಾಗಿ ಕೊಡುವುದು ಒಂದಕ್ಕೆ 500. ಅಕ್ರಮದವನು 600 ಕೊಡುತ್ತಾನೆ, ಸಾಲದಲ್ಲಿ ಆಡಿಸುತ್ತಾನೆ, ಮನೆ ಬಾಗಿಲಿಗೆ ಬಂದು ಚೀಟಿ ಬರೆದುಕೊಳ್ಳುತ್ತಾನೆ, ಗೆದ್ದದ್ದಕ್ಕೆ ತೆರಿಗೆಯೂ ಇಲ್ಲ. ಹಳೇ ಗಿರಾಕಿ ಯಾಕೆ ಬಿಟ್ಟು ಬರುತ್ತಾನೆ?

ಹಿಂದಿನ ಬೆಂಚು:
ಲೆಕ್ಕ ಸರಿ, ಆದರೆ ಗ್ಯಾಂಗಿನ ನಿಜವಾದ ಸರಕು ಬೇರೆ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1960ರ ದಶಕದಲ್ಲೇ ಹೇಳಿದ ಮಾತಿದು: ಬುಕ್ಕಿಯನ್ನು ಸಂಘಟಿತ ಅಪರಾಧದ ಸದಸ್ಯ ಅನ್ನುವುದಕ್ಕಿಂತ ಅದರ ಬಲಿಪಶು ಅನ್ನುವುದೇ ಸರಿ. ಗಿರಾಕಿಗೆ ಸಿಗಬೇಕಾದರೆ ಅವನು ಗೊತ್ತಾದ ಜಾಗದಲ್ಲಿ ಕೂರಬೇಕು. ಗಿರಾಕಿಗೆ ಸಿಗುವವನು ಹಫ್ತಾ ಕೇಳುವವನಿಗೂ ಸಿಗುತ್ತಾನೆ, ಠಾಣೆಗಂತೂ ಹೋಗಲಾರ. ಜೊತೆಗೆ ಅವನ ಬಾಕಿಯನ್ನು ವಸೂಲಿ ಮಾಡಿಕೊಡುವ ನ್ಯಾಯಾಲಯವೂ ಇಲ್ಲ. ಐದು ಕೊಟ್ಟು ವಾರಕ್ಕೆ ಆರು ಕೇಳುವ ಮೀಟರ್ ಬಡ್ಡಿ (ವಾರಕ್ಕೆ ಶೇ 20!) ಈ ಜೂಜಿನ ಪಕ್ಕದಲ್ಲೇ ಬೆಳೆದದ್ದು ಅದಕ್ಕೆ.

ಇನ್ನು ಪೊಲೀಸರ ಕಡೆ. ದೂರುದಾರ ಇಲ್ಲದ ಮೇಲೆ ಕೇಸು ಹುಟ್ಟಬೇಕಾದರೆ ಮಾಹಿತಿದಾರ ಬೇಕು, ಇಲ್ಲವೇ ಗಿರಾಕಿಯ ವೇಷದ ಪೊಲೀಸ್ ಬೇಕು. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದು ಪೂರ್ತಿ ಅವರ ಕೈಯಲ್ಲಿ. ಬಿಟ್ಟರೆ ಕೇಳುವವರಿಲ್ಲ. ನ್ಯೂಯಾರ್ಕ್ ಪೊಲೀಸ್ ಭ್ರಷ್ಟಾಚಾರದ ಬಗ್ಗೆ ನ್ಯಾಪ್ ಆಯೋಗ 1972ರಲ್ಲಿ ಕೊಟ್ಟ ವರದಿಯಲ್ಲಿ ಇದರ ಆಡಳಿತವೇ ಇದೆ: ಮಫ್ತಿ ಪೊಲೀಸರು ತಮ್ಮ ವ್ಯಾಪ್ತಿಯ ಪ್ರತಿ ಜೂಜಿನ ಅಡ್ಡೆಯಿಂದ ತಿಂಗಳಿಗೋ ಹದಿನೈದು ದಿನಕ್ಕೋ 3,500 ಡಾಲರ್‌ವರೆಗೆ ಎತ್ತಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ತಲಾ ಪಾಲು ಮಧ್ಯ ಮ್ಯಾನ್‌ಹಟನ್‌ನಲ್ಲಿ ತಿಂಗಳಿಗೆ 300–400, ಹಾರ್ಲೆಮ್‌ನಲ್ಲಿ 1,500. ಹೊಸಬ ನಂಬಿಕಸ್ಥನೇ ಎಂದು ನೋಡುವ ಸುಮಾರು ಎರಡು ತಿಂಗಳು ಅವನಿಗೆ ಪಾಲಿಲ್ಲ. ವರ್ಗವಾಗಿ ಹೋಗುವಾಗ ಆ ಎರಡು ತಿಂಗಳದ್ದನ್ನು ಕೊಟ್ಟು ಕಳಿಸುತ್ತಿದ್ದರು. ಸರ್ಕಾರಿ ಗ್ರಾಚ್ಯುಟಿಗೂ ಇಷ್ಟು ಶಿಸ್ತಿರಲಿಕ್ಕಿಲ್ಲ.

ಕಲಂಪ್ರಿಯ:
ಹಾಗಾದರೆ ಪೋರ್ಚುಗಲ್ ಮಾದರಿ? ಅಲ್ಲಿ ಎಲ್ಲ ಮಾದಕ ವಸ್ತುಗಳನ್ನೂ ಅಪರಾಧದ ಪಟ್ಟಿಯಿಂದ ತೆಗೆದಿದ್ದಾರಲ್ಲ?

ನಡುಗೆರೆ:
ತೆಗೆದದ್ದು ಬಳಕೆಯನ್ನು, ಮಾರಾಟವನ್ನಲ್ಲ. ಈ ಗೊಂದಲದಿಂದಲೇ ಅರ್ಧ ವಾದಗಳು ದಾರಿ ತಪ್ಪುತ್ತವೆ. 2001ರ ಜುಲೈ 1ರಿಂದ ಪೋರ್ಚುಗಲ್‌ನಲ್ಲಿ ಒಬ್ಬರ ಹತ್ತು ದಿನದ ಬಳಕೆಗೆ ಆಗುವಷ್ಟು (ಗಾಂಜಾ 25 ಗ್ರಾಂ, ಹೆರಾಯಿನ್ 1 ಗ್ರಾಂ, ಕೊಕೇನ್ 2 ಗ್ರಾಂ) ಇಟ್ಟುಕೊಂಡರೆ ಜೈಲಿಲ್ಲ; ಮೂವರ ಆಯೋಗವೊಂದರ ಮುಂದೆ ಹೋಗಬೇಕು. ಅದು ಚಿಕಿತ್ಸೆಗೆ ಕಳಿಸಬಹುದು, ದಂಡ ಹಾಕಬಹುದು, ಸುಮ್ಮನೆ ಬಿಡಲೂಬಹುದು. ಆದರೆ ಆ ಒಂದು ಗ್ರಾಂ ತಲುಪಿಸಿದವನು ಇವತ್ತಿಗೂ ಅಪರಾಧಿಯೇ. ಬಳಕೆದಾರನ ಆರೋಗ್ಯಕ್ಕೆ ಇದು ಒಳ್ಳೆಯ ನೀತಿ ಎಂದು ನಾನು ವಾದಿಸುತ್ತೇನೆ, ಗ್ಯಾಂಗಿನ ಆದಾಯಕ್ಕೆ ಪೆಟ್ಟು ಎಂದು ಮಾತ್ರ ಹೇಳಲಾರೆ.

ಇನ್ನೊಂದು ತಮಾಷೆ ನೋಡಿ. ಅಮೆರಿಕದ 18ನೇ ತಿದ್ದುಪಡಿ ನಿಷೇಧಿಸಿದ್ದು ಮದ್ಯದ ತಯಾರಿಕೆ, ಮಾರಾಟ, ಸಾಗಣೆ, ಆಮದು–ರಫ್ತುಗಳನ್ನು. ಕುಡಿಯುವುದನ್ನಲ್ಲ! ಕೊಳ್ಳುವವನಿಗೆ ಶಿಕ್ಷೆಯಿಲ್ಲ, ಪೂರೈಸುವವನಿಗೆ ಇದೆ. ಗ್ಯಾಂಗ್ ನಾಯಕ ಅಲ್ ಕಪೋನ್ ಬೆಳೆದದ್ದು ಇದೇ ಚೌಕಟ್ಟಿನಲ್ಲಿ. ಕೊನೆಗೆ 1931ರಲ್ಲಿ ಅವನಿಗೆ 11 ವರ್ಷ ಶಿಕ್ಷೆಯಾದದ್ದು ತೆರಿಗೆ ವಂಚನೆಗೆ.

ಸಾಗಣೆ ಅಪಾಯಕರವಾದಷ್ಟೂ ಸರಕು ಗಾಢವಾಗುತ್ತದೆ. ಶೇ 5ರ ಬಿಯರ್‌ನಲ್ಲಿರುವ ಮದ್ಯಸಾರವನ್ನು ಶೇ 40ರ ವಿಸ್ಕಿಯಲ್ಲಿ ಸಾಗಿಸಿದರೆ ಎಂಟನೇ ಒಂದು ಜಾಗ ಸಾಕು. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀಕ್ಷ್ಣವಾದ ಫೆಂಟನಿಲ್ ಬಂದದ್ದರಲ್ಲೂ ಇದೇ ತರ್ಕ ಇದೆ. ಬೆರೆಸುವಾಗ ಅಳತೆ ಸ್ವಲ್ಪ ತಪ್ಪಿದರೂ ಬಳಸಿದವನ ಜೀವ ಹೋಗುತ್ತದೆ.

ಖಾತೆಕಿರ್ದಿ:
ಪೂರೈಕೆಯನ್ನು ಕಾನೂನಿನೊಳಗೆ ತಂದರೂ ತೆರಿಗೆಯಲ್ಲಿ ಎಡವುತ್ತಾರೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ, ಸಾರ್ವಜನಿಕವಾಗಿ 30 ಗ್ರಾಂವರೆಗೆ ಇಟ್ಟುಕೊಳ್ಳಬಹುದು. ಅಬಕಾರಿ ಸುಂಕ ಗ್ರಾಂಗೆ 1 ಡಾಲರ್ ಅಥವಾ ಬೆಲೆಯ ಶೇ 10, ಯಾವುದು ಹೆಚ್ಚೋ ಅದು. ಗ್ರಾಂಗೆ 10 ಡಾಲರ್ ಬೆಲೆಯಿದ್ದರೆ ಎರಡೂ ಒಂದೇ. ಉತ್ಪಾದಕನಿಗೆ ಸಿಗುವ ಬೆಲೆ 3 ಡಾಲರಿಗೆ ಇಳಿದರೆ ಅದೇ ಸುಂಕ ಮೂರನೇ ಒಂದು ಭಾಗ ನುಂಗುತ್ತದೆ. ಅಕ್ರಮ ಬೆಳೆಗಾರನಿಗೆ ಈ ಖರ್ಚೇ ಇಲ್ಲ. ಸಿಗರೇಟಿನ ಕಳ್ಳಸಾಗಣೆ ಮಿತಿಮೀರಿದ್ದಕ್ಕೆ ಇದೇ ಕೆನಡಾ 1994ರ ಫೆಬ್ರವರಿಯಲ್ಲಿ ತಂಬಾಕಿನ ತೆರಿಗೆ ಇಳಿಸಬೇಕಾಯಿತು. ಕ್ಯಾಲಿಫೋರ್ನಿಯಾ ಗಾಂಜಾ ಬೆಳೆಯ ತೆರಿಗೆಯನ್ನು 2022ರ ಜುಲೈನಲ್ಲಿ ಪೂರ್ತಿ ಕೈಬಿಟ್ಟಿತು. ಅಲ್ಲಿ ಇನ್ನೊಂದು ತೊಡಕೂ ಉಂಟು: ಅಂಗಡಿ ಬೇಡ ಅನ್ನುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗಿದೆ. ಅಂಗಡಿಯಿಲ್ಲದ ಊರಲ್ಲಿ ಹಳೇ ಮಾರಾಟಗಾರನೇ ಗತಿ.

ಹಿಂದಿನ ಬೆಂಚು:
1933ರ ಪ್ರಶ್ನೆಗೆ ಈಗ ಬರಬಹುದು. ಮದ್ಯದ ಲಾಭ ನಿಜಕ್ಕೂ ಹೋಯಿತು. ಉಳಿದದ್ದು ಲಾರಿಗಳು, ಪರಿಚಿತ ಅಧಿಕಾರಿಗಳು, ಹೊಡೆಯುವ ಹುಡುಗರು, ಮತ್ತು ಇವರು ಹೇಳಿದ್ದನ್ನು ಮಾಡಿಯೇ ತೀರುತ್ತಾರೆ ಎಂಬ ಹೆಸರು. ಆ ಹೆಸರನ್ನೇ ಜೂಜಿಗೆ, ಬಡ್ಡಿಗೆ, ಕಾರ್ಮಿಕ ಸಂಘಗಳ ವಸೂಲಿಗೆ ತಿರುಗಿಸಿದರು. ಎಲ್ಲ ಕಡೆ ನಿಷೇಧ ತೆರವಾಗಿಯೂ ಇರಲಿಲ್ಲ: ಮಿಸಿಸಿಪ್ಪಿ ರಾಜ್ಯದಲ್ಲಿ ಅದು 1966ರವರೆಗೆ ಇತ್ತು.

ಆದರೆ ಎಲ್ಲವನ್ನೂ ಒಂದೇ ಮಾಫಿಯಾ ಆಳುತ್ತಿತ್ತು ಎಂದುಕೊಳ್ಳಬೇಡಿ. ಅರ್ಥಶಾಸ್ತ್ರಜ್ಞ ಪೀಟರ್ ರಾಯ್ಟರ್ ನ್ಯೂಯಾರ್ಕಿನ ಬುಕ್ಕಿಗಳು, ನಂಬರ್ ಆಟ, ಬಡ್ಡಿ ದಂಧೆಗಳನ್ನು ಅಧ್ಯಯನ ಮಾಡಿ 1983ರಲ್ಲಿ ತೋರಿಸಿದ್ದು ಇದನ್ನೇ: ಏಕಸ್ವಾಮ್ಯ ಇರಲಿಲ್ಲ, ಸಣ್ಣಪುಟ್ಟವರೇ ಹೆಚ್ಚು. ಜಗಳ ಬಂದಾಗ ಮಾತ್ರ ದೊಡ್ಡವರ ಪಂಚಾಯ್ತಿ.

ನಡುಗೆರೆ:
ಆ ಪಂಚಾಯ್ತಿಯ ಜಾಗದಲ್ಲಿ ನಿಜವಾದ ನ್ಯಾಯಮಂಡಳಿ ಬಂದದ್ದಕ್ಕೆ ನ್ಯೂಜಿಲೆಂಡ್ ಉದಾಹರಣೆ. 2003ರಲ್ಲಿ ಅಲ್ಲಿ ಲೈಂಗಿಕ ವೃತ್ತಿ ಅಪರಾಧವಲ್ಲ ಎಂದಾಯಿತು. ನಾಲ್ವರವರೆಗೆ ಸೇರಿ, ಯಾರ ಯಜಮಾನಿಕೆಯೂ ಇಲ್ಲದೆ, ನಿರ್ವಾಹಕರಿಗೆ ಬೇಕಾದ ಪ್ರಮಾಣಪತ್ರವಿಲ್ಲದೆ ಕೆಲಸ ಮಾಡಬಹುದು. 2014ರಲ್ಲಿ ಒಬ್ಬ ಮಹಿಳೆ ವೇಶ್ಯಾಗೃಹದ ನಿರ್ವಾಹಕನ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟು ಮಾನವ ಹಕ್ಕುಗಳ ನ್ಯಾಯಮಂಡಳಿಯಲ್ಲಿ 25,000 ನ್ಯೂಜಿಲೆಂಡ್ ಡಾಲರ್ ಪರಿಹಾರ ಪಡೆದರು. ನಿಷೇಧವಿರುವ ಕಡೆ ಇಂಥ ದೂರು ಬರೆದುಕೊಳ್ಳುವವರೇ ಸಿಗುವುದಿಲ್ಲ.

ಆದರೆ ಅದೇ ಕಾಯ್ದೆಯ 19ನೇ ಕಲಂ ಓದಿ: ತಾತ್ಕಾಲಿಕ ವೀಸಾದಲ್ಲಿ ಬಂದವರು ಈ ಕೆಲಸ ಮಾಡುವಂತಿಲ್ಲ. ಹಾಗಾಗಿ ಅವರು ದೂರು ಕೊಟ್ಟರೆ ವೀಸಾಕ್ಕೇ ಕುತ್ತು. ಶೋಷಿಸುವ ಮಾಲೀಕ ಹುಡುಕುವುದು ಅಂಥವರನ್ನೇ. ಕಾನೂನು ಬದಲಿಸುವಾಗ ಇಂಥ ಕಲಂ ಎಲ್ಲಿ ಉಳಿದಿದೆ ಎಂದು ಮೊದಲು ನೋಡಿ, ತೆರಿಗೆ ದರ ಆಮೇಲೆ.