ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ರಾಜಾಜಿನಗರದ ಓದುಗರೊಬ್ಬರ ಪತಿ ಇಪ್ಪತ್ತು ವರ್ಷದಿಂದ ಒಬ್ಬ ಜನಪ್ರಿಯ ನಟನ ಅಭಿಮಾನಿ ಸಂಘದಲ್ಲಿದ್ದಾರೆ. ಈಗ ಆ ನಟನ ಮೇಲೆ ಅತ್ಯಾಚಾರದ ದೂರು ದಾಖಲಾಗಿದೆ. “ದುಡ್ಡಿಗೋಸ್ಕರ ಹೇಳ್ತಿದ್ದಾಳೆ” ಎಂದ ಅಪ್ಪನ ಜೊತೆ 19 ವರ್ಷದ ಮಗಳು ಮಾತು ಬಿಟ್ಟಿದ್ದಾಳೆ. “ನಾನು ಯಾರ ಕಡೆ ನಿಲ್ಲಲಿ?” ಎಂದು ಅವರು ಕೇಳಿದ್ದರು.

ತಂಗೀ, ನಿಮ್ಮ ಪತ್ರ ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನನಗೀಗ 67. ಈ ವಿಷಯ ಇದುವರೆಗೆ ನನ್ನ ಯಜಮಾನರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಅವರೂ ಈಗಿಲ್ಲ.

13 ವರ್ಷದವಳಿದ್ದಾಗ ಸಂಗೀತ ಪಾಠಕ್ಕೆ ಹೋಗುತ್ತಿದ್ದೆ. ಮೇಷ್ಟರೆಂದರೆ ಇಡೀ ಬೀದಿಗೆ ಗೌರವ. ರಾಮನವಮಿಗೆ ಅವರು ಹಾಡಲು ಕೂತರೆ ಜನ ರಸ್ತೆಯಲ್ಲೂ ನಿಂತು ಕೇಳುತ್ತಿದ್ದರು. ಅವರು ನನ್ನ ಜೊತೆ ಹೇಗೆ ನಡೆದುಕೊಂಡರು ಎಂದು ಇಲ್ಲಿ ಬರೆಯಲಾರೆ.

ಅಮ್ಮನಿಗೆ ಹೇಳಿಬಿಡೋಣ ಎಂದು ಅಡುಗೆಮನೆಗೆ ಹೋದೆ. ಅಮ್ಮ ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಬಾಗಿಲ ಹತ್ತಿರ ಪಕ್ಕದ ಮನೆಯವರು ಕೂತಿದ್ದರು. ಹಿಂದಿನ ಬೀದಿಯ ಹುಡುಗಿಯೊಬ್ಬಳು ತನ್ನ ಆಫೀಸಿನ ಸಾಹೇಬರ ಮೇಲೆ ದೂರು ಹೇಳಿದ್ದಳಂತೆ. ಅಮ್ಮ ತಲೆ ಎತ್ತದೆ, “ಅಂಥಾ ದೊಡ್ಡ ಮನುಷ್ಯರು ಹಾಗೆ ಮಾಡ್ತಾರಾ? ಇವಳೇ ಏನೋ ಮಾಡ್ಕೊಂಡಿರ್ತಾಳೆ” ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಹೆಚ್ಚುತ್ತಿದ್ದ ಕೈ ಕೂಡ ನಿಲ್ಲಲಿಲ್ಲ. ನಾನು ಒಂದು ಲೋಟ ನೀರು ಕುಡಿದು ವಾಪಸ್ ಬಂದೆ. ಆಮೇಲೂ ಒಂದೂವರೆ ವರ್ಷ ಪಾಠಕ್ಕೆ ಹೋದೆ.

ನಿಮ್ಮ ಯಜಮಾನರು ಟೀವಿ ಮುಂದೆ ಕೂತು ಹೇಳಿದ್ದು ಆ ನಟನ ಕಿವಿಗೆ ಬೀಳುವುದಿಲ್ಲ. ನಿಮ್ಮ ಮಗಳ ಕಿವಿಗೆ ಬಿದ್ದಿದೆ. ನಾಳೆ ಅವಳಿಗೇ ಏನಾದರೂ ಆದರೆ, ಅಥವಾ ಈಗಾಗಲೇ ಆಗಿದ್ದರೆ, ಮನೆಯಲ್ಲಿ ಯಾರ ಹತ್ತಿರ ಹೇಳಬಾರದು ಎಂದು ಅವಳಿಗೆ ಗೊತ್ತಾಗಿಹೋಗಿದೆ. ಯಾರ ಕಡೆ ಅನ್ನೋದನ್ನ ಆಮೇಲೆ ನೋಡೋಣ. ಇವತ್ತು ರಾತ್ರಿ ಮಗಳ ಪಕ್ಕ ಹೋಗಿ ಕೂತು, “ಅಪ್ಪ ಹೇಳಿದ್ದು ನಂಗೂ ಸರಿ ಅನ್ನಿಸಲಿಲ್ಲ” ಎಂದು ಹೇಳಿ. ಏನೂ ಕೆದಕಿ ಕೇಳಬೇಡಿ. ಸುಮ್ನೆ ಕೂತಿರಿ.
– ನಿವೃತ್ತ ಶಿಕ್ಷಕಿ, ಚಾಮರಾಜಪೇಟೆ

ಅಕ್ಕಾ, ನಾನು ಆಟೋ ಓಡಿಸುತ್ತೇನೆ. ನಾನೂ ಒಬ್ಬ ನಟರ ಅಭಿಮಾನಿ ಸಂಘದಲ್ಲಿದ್ದವನು. ನಿಮ್ಮ ಯಜಮಾನರ ಸಂಕಟ ನನಗೆ ಅರ್ಥ ಆಗುತ್ತದೆ. ಕಟೌಟಿಗೆ ಹಾರ ಹಾಕಲು ಹೋಗಿ ಏಣಿಯಿಂದ ಬಿದ್ದು ಕೈ ಮುರಿದುಕೊಂಡಾಗ ಆಸ್ಪತ್ರೆ ಖರ್ಚು ನೋಡಿಕೊಂಡಿದ್ದು ಸಂಘದ ಹುಡುಗರೇ. ಅವರ ಮುಂದೆ “ಅಣ್ಣ ತಪ್ಪು ಮಾಡಿದ್ರೂ ಮಾಡಿರಬಹುದು” ಅನ್ನೋಕೆ ಬಾಯಿ ಬರಲ್ಲ. ಅಣ್ಣನ್ನ ಬಿಟ್ಟರೆ ಇವರನ್ನೂ ಬಿಟ್ಟ ಹಾಗೆ.

ಇಂಥದ್ದೇ ಒಂದು ಗಲಾಟೆ ಆದಾಗ ನಮ್ಮ ವಾಟ್ಸಾಪ್ ಗ್ರೂಪಿಗೆ ದೂರು ಕೊಟ್ಟ ಹುಡುಗಿಯ ಫೋಟೊ ಬಂತು. ಹೆಸರು, ಏರಿಯಾ ಎಲ್ಲ ಹಾಕಿದ್ದರು. ನಾನು ಅದನ್ನ ಇನ್ನೂ ಮೂರು ಗ್ರೂಪಿಗೆ ಕಳಿಸಿದೆ. ಮಾರನೇ ದಿನ ಆಟೋದಲ್ಲಿ ಕೂತಿದ್ದ ಲಾಯರ್ ಮೇಡಂ ಒಬ್ಬರು ಸಿಗ್ನಲ್‌ನಲ್ಲಿ ನನ್ನ ಫೋನ್ ನೋಡಿ, ಇದಕ್ಕೆ ಜೈಲಾಗುತ್ತೆ ಗೊತ್ತಾ ಎಂದರು. ಭಯಕ್ಕೆ ಅಳಿಸಿದೆ, ಸುಳ್ಳು ಹೇಳಲ್ಲ. ಆದರೆ ಅಳಿಸುವ ಮುಂಚೆ ಫೋಟೊ ಸರಿಯಾಗಿ ನೋಡಿದೆ. ಯಾವುದೋ ಮದುವೆಯಲ್ಲಿ ತೆಗೆದದ್ದು. ಹೂ ಮುಡಿದುಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದವರನ್ನ ಕತ್ತರಿಸಿ ತೆಗೆದಿದ್ದರು. ಅವಳ ಭುಜದ ಮೇಲೆ ಅವರ ಕೈ ಮಾತ್ರ ಉಳಿದಿತ್ತು, ಹಸಿರು ಗಾಜಿನ ಬಳೆ ಹಾಕಿದ ಕೈ. ಅವರಮ್ಮನದೇ ಇರಬೇಕು.

ಯಜಮಾನರಿಗೆ ಅಭಿಮಾನ ಬಿಡಿ ಎಂದರೆ ಕೇಳಲ್ಲ ಅಕ್ಕಾ. ಅವಳ ಬಗ್ಗೆ ಬಂದದ್ದನ್ನ ಮುಂದಕ್ಕೆ ಕಳಿಸಬೇಡಿ ಎಂದು ಕೇಳಿಕೊಳ್ಳಿ. ಅಷ್ಟು ಮಾಡ್ತಾರೆ.
– ಆಟೋ ಚಾಲಕ, ಕಾಮಾಕ್ಷಿಪಾಳ್ಯ

ಅತ್ಯಾಚಾರದ ದೂರು ಕೊಟ್ಟವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. 2 ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಅಭಿಮಾನಿ ಸಂಘಗಳಿಗೆ ಇದು ಮೊದಲು ಗೊತ್ತಾಗಬೇಕು.

“ಇಷ್ಟು ದಿನ ಏನು ಮಾಡ್ತಿದ್ದಳು?” ಅನ್ನುವುದು ನನ್ನ ಕಕ್ಷಿದಾರರ ಮನೆಯವರೇ ಕೇಳುವ ಪ್ರಶ್ನೆ. ಎಷ್ಟೋ ವರ್ಷಗಳ ಹಿಂದಿನ ಲೈಂಗಿಕ ಕಿರುಕುಳದ ಬಗ್ಗೆ ಹೇಳಿಕೊಂಡ ಪತ್ರಕರ್ತೆ ಪ್ರಿಯಾ ರಮಾನಿ ಮೇಲೆ, ಆ ಆರೋಪ ಹೊತ್ತ ಮಾಜಿ ಕೇಂದ್ರ ಸಚಿವರೊಬ್ಬರು ಮಾನಹಾನಿ ಕೇಸು ಹಾಕಿದ್ದರು. 2021ರ ಫೆಬ್ರವರಿ 17ರಂದು ದೆಹಲಿ ನ್ಯಾಯಾಲಯ ಆಕೆಯನ್ನು ಖುಲಾಸೆ ಮಾಡಿತು. ದಶಕಗಳು ಕಳೆದ ಮೇಲೂ ಹೆಣ್ಣುಮಗಳು ತನ್ನ ನೋವನ್ನು ಹೇಳಿಕೊಳ್ಳಬಹುದು, ಎಲ್ಲಿ ಬೇಕಾದರೂ ಹೇಳಿಕೊಳ್ಳಬಹುದು ಎಂದು ಆ ತೀರ್ಪು ಹೇಳಿತು.

ಕೋರ್ಟ್ ತೀರ್ಪು ಬರುವವರೆಗೆ ಆತ ನಿರಪರಾಧಿ, ನಿಜ. ಅದಕ್ಕಾಗಿ ಆಕೆಯನ್ನು ಸುಳ್ಳುಗಾರ್ತಿ ಅನ್ನಬೇಕಾಗಿಲ್ಲ. ಬಿಡುಗಡೆ ಆದರೂ ಅಷ್ಟೇ. ಅಮೆರಿಕದ ಹಾಸ್ಯನಟ ಬಿಲ್ ಕಾಸ್ಬಿ ಅಲ್ಲಿನ ಜನರಿಗೆ ಟೀವಿಯ ಅಪ್ಪನೇ ಆಗಿದ್ದವರು. ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ 2018ರಲ್ಲಿ ಶಿಕ್ಷೆಯಾಯಿತು, 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೇಸು ಹಾಕುವುದಿಲ್ಲ ಎಂದು ಹಿಂದಿನ ಸರ್ಕಾರಿ ವಕೀಲರು ಕೊಟ್ಟ ಮಾತು ಅದಕ್ಕೆ ಕಾರಣ. ದೂರು ಸುಳ್ಳು ಎಂದು ಆ ಕೋರ್ಟ್ ಹೇಳಲಿಲ್ಲ.

ಇನ್ನೊಂದು ಮಾತು. ಮಗಳು ಇಷ್ಟು ನೊಂದಿರುವುದಕ್ಕೆ ಬೇರೇನಾದರೂ ಕಾರಣ ಇದ್ದರೆ, 181 ಮಹಿಳಾ ಸಹಾಯವಾಣಿ ಇದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಪೊಲೀಸ್ ಠಾಣೆಯಾದರೂ ದೂರು ತೆಗೆದುಕೊಳ್ಳಲೇಬೇಕು.
– ವಕೀಲೆ, ಜಯನಗರ

ನನ್ನ ಆಪ್ತ ಗೆಳೆಯನ ಮೇಲಿದ್ದ ಇಂಥದ್ದೇ ಕೇಸು ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೆ ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಕೆಲಸ ಹೋಗಿತ್ತು, ತಂಗಿಯ ಮದುವೆ ನಿಂತುಹೋಗಿತ್ತು. ಹಾಗಾಗಿ ಮಗಳೂ ಸ್ವಲ್ಪ ಕಾಯಲಿ ಎನ್ನುತ್ತೇನೆ. ಆದರೆ “ದುಡ್ಡಿಗೋಸ್ಕರ” ಅನ್ನೋದು ನಿಮ್ಮ ಯಜಮಾನರಿಗೆ ಹೇಗೆ ಗೊತ್ತು? ಆ ಮಾತನ್ನು ಅವರು ವಾಪಸ್ ತಗೊಳ್ಳಬೇಕು.
– ಯಲಹಂಕದ ಓದುಗ

ನಾನು ಸಿನಿಮಾಗಳಲ್ಲಿ ಹೇರ್ ಡ್ರೆಸ್ಸರ್. ದಯವಿಟ್ಟು ಹೆಸರು ಹಾಕಬೇಡಿ, ನಾಳೆಯಿಂದ ಕೆಲಸಕ್ಕೆ ಕರೆಯಲ್ಲ.

ತೆರೆ ಮೇಲೆ ಒಳ್ಳೆಯವರು ಹೊರಗೂ ಒಳ್ಳೆಯವರೇ ಎಂದು ನಿಮ್ಮ ಯಜಮಾನರು ನಂಬಿದ್ದಾರೆ. ಒಳ್ಳೆಯವರೂ ಇದ್ದಾರೆ, ಅವರ ಅನ್ನ ತಿಂದಿದ್ದೇನೆ. ಆದರೆ ಎರಡು ಸಲ ಹೊಸ ಹುಡುಗಿಯರು ಕಣ್ಣಲ್ಲೇ “ಹೋಗಬೇಡಿ ಅಕ್ಕಾ” ಎಂದಾಗ, ಕ್ಯಾರವಾನ್ ಒಳಗೆ ಬಾಚಣಿಗೆ ಹಿಡಿದು ನಿಂತಿದ್ದೇನೆ. ಮುಗಿದಿದ್ದ ಜಡೆಯನ್ನೇ ಬಿಚ್ಚಿ ಮತ್ತೆ ಹೆಣೆದಿದ್ದೇನೆ, ಮತ್ತೆ ಬಿಚ್ಚಿದ್ದೇನೆ, ಸರ್ ಇಳಿದು ಹೋಗುವವರೆಗೂ.

ಮಲಯಾಳಂ ಸಿನಿಮಾರಂಗದಲ್ಲಿ ಹೆಣ್ಣುಮಕ್ಕಳ ಕಷ್ಟಗಳ ಬಗ್ಗೆ ಕೇರಳದ ಹೇಮಾ ಸಮಿತಿ ಕೊಟ್ಟ ವರದಿ 2019ರ ಕೊನೆಗೇ ಸರ್ಕಾರದ ಕೈ ಸೇರಿತ್ತು. ಜನಕ್ಕೆ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ. ಸೆಟ್‌ನಲ್ಲಿ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಜಾಗ ಇಲ್ಲ ಎಂದು ಅದರಲ್ಲಿ ಓದಿದಾಗ ನನ್ನ ಕಥೆಯೇ ಅನ್ನಿಸಿತು. ಮುಂದಿನ ತಿಂಗಳೇ ನಮ್ಮಲ್ಲೂ ಕನ್ನಡ ಚಿತ್ರರಂಗದವರ ‘ಫೈರ್’ ಸಂಘಟನೆಯವರು ಇಂಥ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಇಂಥ ಸಮಿತಿ ಮುಂದೆ ಹೋಗಿ ಮಾತಾಡಲು ಎಷ್ಟು ಧೈರ್ಯ ಬೇಕು ಎಂದು ಯಜಮಾನರಿಗೆ ಹೇಳಿ. ದುಡ್ಡು ಬರುವುದಿರಲಿ, ಇರೋ ಕೆಲಸಾನೂ ಹೋಗುತ್ತದೆ.
– ಹೆಸರು ಬೇಡ, ಬೆಂಗಳೂರು

ಆಂಟಿ, ನನಗೂ ನಿಮ್ಮ ಮಗಳ ವಯಸ್ಸೇ. ನಮ್ಮಪ್ಪನೂ ಹೀಗೇ ಮಾತಾಡ್ತಿದ್ದರು. ನಾನು ಕೂಗಾಡಿದೆ, ಊಟ ಬಿಟ್ಟೆ, ಏನೂ ಆಗಲಿಲ್ಲ. ಒಂದು ದಿನ, ಪಿಯುಸಿಯಲ್ಲಿದ್ದಾಗ ಬಸ್ಸಿನಲ್ಲಿ ನನಗೆ ಆದದ್ದನ್ನ ಹೇಳಿಬಿಟ್ಟೆ. ಅಪ್ಪ ಎದ್ದು ನಿಂತು, “ಇಷ್ಟು ದಿನ ಯಾಕೆ ಹೇಳಲಿಲ್ಲ?” ಎಂದರು. ಹಿಂದಿನ ವಾರ ಟೀವಿ ನೋಡ್ತಾ, ತಮ್ಮ ಹೀರೋ ಮೇಲೆ ದೂರು ಕೊಟ್ಟಿದ್ದ ನಟಿ ಬಗ್ಗೆ ಕೇಳಿದ್ದೂ ಅದೇ ಪ್ರಶ್ನೆ. ಅದು ಅವರಿಗೂ ಹೊಳೆಯಿತು ಅಂತ ಕಾಣುತ್ತೆ, ಮುಂದೆ ಮಾತೇ ಆಡಲಿಲ್ಲ. ತುಂಬಾ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದರು.

ಈಗಲೂ ಆ ಹೀರೋ ಹಾಡು ಹಾಕಿಕೊಂಡು ಗಾಡಿ ಒರೆಸುತ್ತಾರೆ. ನಾನು ಕೆಳಗೆ ಬಂದರೆ ಸೌಂಡ್ ಕಮ್ಮಿ ಮಾಡ್ತಾರೆ. ನಂಗೆ ಅಷ್ಟು ಸಾಲದು. ಆದರೆ ಮಾತಾಡ್ತಿದ್ದೀವಿ. ನಿಮ್ಮ ಮಗಳಿಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಪತ್ರಿಕೆಯವರ ಹತ್ತಿರ ನನ್ನ ನಂಬರ್ ಇದೆ.
– ಪದವಿ ವಿದ್ಯಾರ್ಥಿನಿ, ವಿಜಯನಗರ